ಸ್ಟೀರಿಂಗ್ ತಿರುಗಿಸಿದರೆ ಗುಂಯ್ ಅನ್ನುತ್ತದೆ, ಪಂಪೇ ಹೋಗಿದೆಯಾ?

ಸಂಜೆಸವಾರಿ:

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಕಾರು. ಆಯಿಲ್ ಮೇಲೆ ನಡೆಯುವ ಹೈಡ್ರಾಲಿಕ್ ಪವರ್ ಸ್ಟೀರಿಂಗ್, ಪಂಪನ್ನು ಇಂಜಿನ್ ಬೆಲ್ಟೇ ತಿರುಗಿಸುತ್ತದೆ. ಇತ್ತೀಚೆಗೆ ಗಾಡಿ ಪಾರ್ಕ್ ಮಾಡುವಾಗ ಸ್ಟೀರಿಂಗ್ ತಿರುಗಿಸಿದರೆ ಬಾನೆಟ್ ಒಳಗಿಂದ ಗುಂಯ್ ಅಂತ ನರಳುವ ಸದ್ದು ಬರುತ್ತಿದೆ. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತದೆ. ನೇರ ರಸ್ತೆಯಲ್ಲಿ ಅಷ್ಟಾಗಿ ಕೇಳುವುದಿಲ್ಲ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಜಾಸ್ತಿ.

ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕೇಳಿ, 'ಪಂಪ್ ಹೋಗಿದೆ, ಹೊಸದು ಹಾಕಬೇಕು' ಅಂದರು. ಇರಬಹುದು. ಆದರೆ ಅಷ್ಟು ದೊಡ್ಡ ಸಾಮಾನು ಬದಲಿಸುವ ಮುಂಚೆ ಕಾರಣ ಅದೇನಾ ಅಂತ ಖಚಿತ ಮಾಡಿಕೊಳ್ಳಬೇಕು ಅಂತ ನನ್ನ ಆಸೆ. ಆಯಿಲ್ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಕೆಳಗಿತ್ತು, ಮೇಲಿನ ಗೆರೆವರೆಗೆ ತುಂಬಿಸಿದೆ. ಸದ್ದು ಕೆಲವು ದಿನ ಕಡಿಮೆಯಾಗಿ ಮತ್ತೆ ಶುರುವಾಯಿತು. ಕೆಳಗೆ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ.

ನನ್ನ ಹತ್ತಿರ ಸ್ಪ್ಯಾನರ್ ಸೆಟ್, ಜಾಕ್, ಎರಡು ಸ್ಟ್ಯಾಂಡ್ ಇವೆ. ಮನೆಯಲ್ಲೇ ಏನೇನು ನೋಡಬಹುದು, ಯಾವುದು ಮೊದಲು, ಯಾವುದು ಆಮೇಲೆ? ತಿಳಿದವರು ಹೇಳಿ.

ರಬ್ಬರ್‌ಬುಷ್:

ಬೆಲ್ಟ್ ನೋಡಿದ್ರಾ? ಬೆಲ್ಟ್ ಸಡಿಲ ಆದರೂ ಸ್ಟೀರಿಂಗ್ ತಿರುಗಿಸುವಾಗಲೇ ಕೂಗುವುದು. ಆಗ ಪಂಪಿಗೆ ಭಾರ ಬೀಳುತ್ತದೆ, ಬೆಲ್ಟ್ ಜಾರುತ್ತದೆ.

ಹಳೇಕೈ:

ಸಂಜೆಸವಾರಿಯವರೇ, ಪಂಪ್ ಅಂತ ತೀರ್ಮಾನ ಮಾಡುವ ಮೊದಲು ಸದ್ದನ್ನು ಬೇರೆ ಬೇರೆ ಮಾಡಿ ಕೇಳಿ. ಗ್ಯಾರೇಜ್ ಕೆಲಸದಲ್ಲಿ ಬಹಳ ಕಾಲ ಇದ್ದವನು ನಾನು. ಈ ಗುಂಯ್ ಸದ್ದಿಗೆ ಪಂಪು ಬದಲಿಸಿಯೂ ಸದ್ದು ಹೋಗದೆ ವಾಪಸ್ ಬಂದ ಗಾಡಿಗಳನ್ನು ತುಂಬಾ ನೋಡಿದ್ದೇನೆ. ಬಹಳ ಸಲ ಪಂಪ್ ನರಳುತ್ತದೆ ಅಷ್ಟೆ, ತೊಂದರೆ ಇರುವುದು ಅದಕ್ಕೆ ಆಯಿಲ್ ಬರುವ ದಾರಿಯಲ್ಲಿ.

ಮೊದಲ ಪರೀಕ್ಷೆ ತೀರಾ ಸುಲಭ. ಇಂಜಿನ್ ಆಫ್ ಇರಲಿ. ಕೀ ಒಂದು ಹಂತ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿ. ಈಗ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಭಾರ ಇರುತ್ತದೆ, ಪರವಾಗಿಲ್ಲ. ಆಗಲೂ ಟಕ್ ಅಂತಲೋ ಕಿರ್ರ್ ಅಂತಲೋ ಕೇಳಿದರೆ ಪಂಪಿಗೂ ಆಯಿಲಿಗೂ ಸಂಬಂಧ ಇಲ್ಲ. ಟಕ್ ಅಂದರೆ ಚಕ್ರದ ಹತ್ತಿರದ ಕೀಲುಗಳಾದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಅಥವಾ ಸ್ಟೀರಿಂಗ್ ಕೆಳಗಿನ ಶಾಫ್ಟಿನ ಕೀಲು, ಅಂದರೆ ಕ್ರಾಸ್ ನೋಡಬೇಕು. ಸ್ಪ್ರಿಂಗ್ ತಿರುಚಿಕೊಂಡು ಡಂಯ್ ಅಂತ ಬಿಟ್ಟ ಹಾಗೆ ಕೇಳಿದರೆ ಮುಂದಿನ ಸಸ್ಪೆನ್ಷನ್ ಮೇಲ್ಗಡೆ ಕೂತಿರುವ ಸ್ಟ್ರಟ್ ಬೇರಿಂಗ್. ಸ್ಟೀರಿಂಗ್ ಚಕ್ರದ ಒಳಗೇ ಸರಸರ ಅಂದರೆ ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟ್ ಒಯ್ಯುವ ಸುರುಳಿ ಪಟ್ಟಿ ಉಜ್ಜುತ್ತಿದೆ ಅಂತ. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಏರ್‌ಬ್ಯಾಗ್ ಅಲ್ಲೇ ಇದೆ.

ಎರಡನೆಯದು. ಇಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಂಗ್ ಮುಟ್ಟದೆ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಆಮೇಲೆ ಇನ್ನೊಬ್ಬರಿಗೆ ಸ್ಟೀರಿಂಗ್ ನಿಧಾನವಾಗಿ ತಿರುಗಿಸಲು ಹೇಳಿ, ಆಗಲೂ ನೋಡಿ. ಆಯಿಲ್ ತಿಳಿಯಾಗಿದೆಯಾ? ನೊರೆ ಬರುತ್ತಿದೆಯಾ? ಬಣ್ಣ ಹಾಲು ಬೆರೆಸಿದ ಹಾಗೆ ಮಂಕಾಗಿದೆಯಾ? ಇಂಜಿನ್ ಆಫ್ ಮಾಡಿದ ಕೂಡಲೇ ಡಬ್ಬಿಯಲ್ಲಿ ಮಟ್ಟ ಮೇಲೆ ಏರುತ್ತದೆಯಾ? ಈ ನಾಲ್ಕಕ್ಕೂ ಉತ್ತರ ಬರೆಯಿರಿ. ಒಳಗೆ ಗಾಳಿ ಇದ್ದರೆ ಇಂಜಿನ್ ನಿಂತ ಕೂಡಲೇ ಅದು ಹಿಗ್ಗಿ ಮಟ್ಟ ಏರುತ್ತದೆ. ಚೆನ್ನಾಗಿ ನಂಬಬಹುದಾದ ಗುರುತು ಅದು.

ಬೆಲ್ಟಿನ ಹತ್ತಿರ ಬಗ್ಗುವಾಗ ಸಡಿಲ ತೋಳು, ಶಾಲು, ಸರ, ಉದ್ದ ಕೂದಲು ಯಾವುದೂ ಇಳಿಬಿದ್ದಿರಬಾರದು.

ರಬ್ಬರ್‌ಬುಷ್:

ಬೆಲ್ಟ್ ಪರೀಕ್ಷೆಯನ್ನೂ ಸೇರಿಸುತ್ತೇನೆ. ಇಂಜಿನ್ ಐಡಲ್‌ನಲ್ಲಿ ಇರುವಾಗ ಬೆಲ್ಟಿನ ಗೀರು ಇರುವ ಒಳಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ. ದೂರದಿಂದಲೇ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ವಾಪಸ್ ಬಂದರೆ ಯಾವುದೋ ಪುಲ್ಲಿ ನೇರ ಇಲ್ಲ. ನೀರು ಬಿದ್ದ ಕೂಡಲೇ ಸದ್ದು ಇನ್ನೂ ಜಾಸ್ತಿ ಆದರೆ ಬೆಲ್ಟ್ ಬಿಗಿ ಸಾಲದು. ಏನೂ ವ್ಯತ್ಯಾಸ ಆಗದಿದ್ದರೆ ಬೆಲ್ಟನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಬೆಲ್ಟಿಗೆ ಹಾಕುವ ಅಂಟು ಸ್ಪ್ರೇ ಮಾತ್ರ ಬೇಡ. ಸದ್ದು ಮುಚ್ಚಿಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಸಂಜೆಸವಾರಿ:

ಎಲ್ಲ ಮಾಡಿದೆ. ಇಂಜಿನ್ ಆಫ್ ಇದ್ದಾಗ ಪೂರ್ತಿ ನಿಶ್ಶಬ್ದ. ಬೆಲ್ಟಿಗೆ ನೀರು ಹಾಕಿದರೆ ಏನೂ ಬದಲಾಗಲಿಲ್ಲ. ಬೆಲ್ಟ್ ನೋಡಲೂ ಚೆನ್ನಾಗಿದೆ, ಬಿರುಕಿಲ್ಲ, ಒಳಬದಿ ಹೊಳಪು ಬಂದಿಲ್ಲ.

ಡಬ್ಬಿಯಲ್ಲಿ ಮಾತ್ರ ಕಥೆ ಬೇರೆ. ಕೆಂಪು ಇರಬೇಕಾದ ಆಯಿಲ್ ಇಂಜಿನ್ ಓಡುವಾಗ ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಆಫ್ ಮಾಡಿದಾಗ ಮಟ್ಟ ಒಂದು ಬೆರಳಿನಷ್ಟು ಏರಿತು! ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ ಕೆಂಪಗೆ, ತಿಳಿಯಾಗಿ ಇದೆ.

ಹಳೇಕೈ:

ಹಾಗಾದರೆ ಗಾಳಿ ಹಿಡಿದಿದೆ. ಪಂಪನ್ನು ಸದ್ಯಕ್ಕೆ ಮುಟ್ಟಬೇಡಿ.

ಯಾಕೆ ಹೀಗಾಗುತ್ತದೆ ಅಂತ ಹೇಳುತ್ತೇನೆ, ಆಮೇಲೆ ಹುಡುಕುವುದು ಸುಲಭ. ಪಂಪಿನ ಒಳಗೆ ಒಂದು ರೋಟರ್ ಇರುತ್ತದೆ. ಅದರ ಸೀಳುಗಳಲ್ಲಿ ತೆಳು ಲೋಹದ ಪಟ್ಟಿಗಳು ಕೂತಿರುತ್ತವೆ, ಸಾಮಾನ್ಯವಾಗಿ 10. ರೋಟರ್ ತಿರುಗಿದಾಗ ಪಟ್ಟಿಗಳು ಹೊರಗೆ ಚಾಚಿ ಮೊಟ್ಟೆಯಾಕಾರದ ಗೋಡೆಗೆ ಒತ್ತಿಕೊಂಡು ಆಯಿಲನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ತಳ್ಳುತ್ತವೆ. ತಳ್ಳುವ ಕಡೆ ಒತ್ತಡ ತುಂಬಾ. ಸ್ಟೀರಿಂಗನ್ನು ಕೊನೆವರೆಗೆ ತಿರುಗಿಸಿ ಹಿಡಿದರೆ ಎಷ್ಟೋ ಕಾರುಗಳಲ್ಲಿ 70ರಿಂದ 100 ಬಾರ್ ಆಗುತ್ತದೆ. ಟೈರಿನಲ್ಲಿ ನಾವು ತುಂಬುವ ಗಾಳಿ 2 ಬಾರಿಗಿಂತ ಸ್ವಲ್ಪ ಜಾಸ್ತಿ, ಅದರ ಜೊತೆ ಹೋಲಿಸಿ ನೋಡಿ. ಆದರೆ ಎಳೆಯುವ ಕಡೆ ಹಾಗಲ್ಲ. ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ.

ಇದರಿಂದ ಏನು ಗೊತ್ತಾಗುತ್ತದೆ? ತಳ್ಳುವ ಕಡೆ ಸೋರಿದರೆ ಆಯಿಲ್ ಹೊರಗೆ ಬರುತ್ತದೆ, ನೆಲ ಒದ್ದೆಯಾಗುತ್ತದೆ. ಎಳೆಯುವ ಕಡೆ ಸೋರಿದರೆ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಸೀಳಿದ ಸ್ಟ್ರಾದಲ್ಲಿ ಕುಡಿದರೆ ನೀರಿನ ಜೊತೆ ಗಾಳಿಯೂ ಬಾಯಿಗೆ ಬರುತ್ತದಲ್ಲ, ಹಾಗೆ. ನಿಮ್ಮ ನೆಲದ ಮೇಲೆ ಹನಿ ಬೀಳದೇ ಇರಲು ಅದೇ ಕಾರಣ ಇರಬೇಕು. ಒಳಗೆ ಹೋದ ಗುಳ್ಳೆಗಳು ಒತ್ತಡದ ಕಡೆಗೆ ಬಂದಾಗ ಒಮ್ಮೆಲೇ ಕುಸಿಯುತ್ತವೆ. ಆ ಕುಸಿತದ ಸದ್ದೇ ನಿಮ್ಮ ಗುಂಯ್. ಹೀಗೇ ತಿಂಗಳುಗಟ್ಟಲೆ ಓಡಿಸಿದರೆ ಮಾತ್ರ ಪಟ್ಟಿಗಳೂ ಗೋಡೆಯೂ ಸವೆದು ಪಂಪ್ ನಿಜಕ್ಕೂ ಹಾಳಾಗುತ್ತದೆ. ಈಗಲೇ ಹಿಡಿದಿದ್ದೀರಿ, ಒಳ್ಳೆಯದಾಯಿತು.

ನೋಡಬೇಕಾದ ಜಾಗಗಳು: ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಪೈಪು, ಅದರ ಎರಡೂ ತುದಿಯ ಕ್ಲಿಪ್, ಪೈಪು ಪಂಪಿಗೆ ಸೇರುವ ಜಾಗದಲ್ಲಿರುವ ರಬ್ಬರ್ ಬಳೆ ಅಂದರೆ ಓ-ರಿಂಗ್, ಪಂಪ್ ಶಾಫ್ಟಿನ ಸೀಲ್. ಇದರ ಜೊತೆ ಡಬ್ಬಿಯ ತಳದ ಜಾಲರಿ. ತುಂಬಾ ಕಾರುಗಳಲ್ಲಿ ಡಬ್ಬಿಯೊಳಗೆ ಸಣ್ಣ ಜಾಲರಿ ಇರುತ್ತದೆ. ಅದು ಮಡ್ಡಿಯಿಂದ ಕಟ್ಟಿಕೊಂಡರೆ ಪಂಪಿಗೆ ಆಯಿಲ್ ಸಾಲುವುದಿಲ್ಲ, ಆಗಲೂ ಇದೇ ಸದ್ದು. ಮಟ್ಟ ಸರಿಯಿದ್ದೂ ಸದ್ದು ಬಂದರೆ ಜಾಲರಿ ನೋಡದೆ ಬಿಡಬೇಡಿ.

ಒಂದು ಉಪಾಯ ಇದೆ. ಎಳೆಯುವ ಪೈಪಿನ ಒಂದೊಂದೇ ಜೋಡಣೆಗೆ ದಪ್ಪ ಗ್ರೀಸ್ ಬಳಿಯಿರಿ. ಬಳಿಯುವಾಗ ಇಂಜಿನ್ ಆಫ್ ಇರಲಿ. ಆಮೇಲೆ ಸ್ಟಾರ್ಟ್ ಮಾಡಿ ಕೇಳಿ. ಯಾವ ಜೋಡಣೆಗೆ ಬಳಿದಾಗ ಸದ್ದು ಇಳಿಯುತ್ತದೋ ಗಾಳಿ ಅಲ್ಲಿಂದಲೇ ಹೋಗುತ್ತಿದೆ.

ಬೇಗಕೆಲಸ:

ಇಷ್ಟೆಲ್ಲ ಯಾಕೆ? ಸ್ಟೀರಿಂಗ್ ಸ್ಟಾಪ್ ಲೀಕ್ ಅಂತ ಬಾಟಲಿ ಸಿಗುತ್ತದೆ. ಡಬ್ಬಿಗೆ ಹಾಕಿ ಓಡಿಸಿ. ನನ್ನ ಗಾಡಿಯಲ್ಲಿ ಸದ್ದೂ ಹೋಯಿತು, ಸೋರುವುದೂ ನಿಂತಿತು.

ಮನೆಗ್ಯಾರೇಜ್:

ಬೇಗಕೆಲಸ ಅವರೇ, ನಿಮ್ಮಲ್ಲಿ ಸೋರುತ್ತಿದ್ದದ್ದು ಒಣಗಿದ ರಬ್ಬರ್ ಸೀಲ್ ಇರಬೇಕು. ಅದಕ್ಕೆ ಈ ಬಾಟಲಿ ಸ್ವಲ್ಪ ಕಾಲ ಕೆಲಸ ಮಾಡುತ್ತದೆ. ಅದರಲ್ಲಿರುವುದು ರಬ್ಬರನ್ನು ಮೆದು ಮಾಡಿ ಉಬ್ಬಿಸುವ ದ್ರವ. ಸಡಿಲವಾದ ಕ್ಲಿಪ್ಪನ್ನು ಅದು ಬಿಗಿ ಮಾಡುವುದಿಲ್ಲ, ಬಿರುಕು ಬಿಟ್ಟ ಪೈಪನ್ನು ಮುಚ್ಚುವುದಿಲ್ಲ, ಜಾಲರಿಯ ಮಡ್ಡಿ ತೆಗೆಯುವುದಿಲ್ಲ. ಚೆನ್ನಾಗಿರುವ ಸೀಲ್‌ಗಳನ್ನೂ ಉಬ್ಬಿಸುತ್ತದೆ. ಮಾರುವ ತನಕ ಗಾಡಿ ಓಡಿದರೆ ಸಾಕು ಅನ್ನುವವರ ಮಾತು ಬೇರೆ. ಸಂಜೆಸವಾರಿಯವರು ಕಾರಣ ಹುಡುಕುತ್ತಿದ್ದಾರೆ, ಅವರಿಗೆ ಇದು ಸರಿಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ.

ಬೇಗಕೆಲಸ:

ಸರಿ ಮೇಡಂ, ಒಪ್ಪಿದೆ. ನನ್ನದು ಹನಿ ಹನಿ ಸೋರುತ್ತಿದ್ದ ಗಾಡಿಯೇ. ಇವರದ್ದು ಬೇರೆ ತರಹ.

ಹೊಸಚಕ್ರ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರಿನಲ್ಲೂ ಸ್ಟೀರಿಂಗ್ ತಿರುಗಿಸಿದರೆ ಟಕ ಟಕ ಸದ್ದು. ಆದರೆ ಬಾನೆಟ್ ಕೆಳಗೆ ಎಲ್ಲಿ ಹುಡುಕಿದರೂ ಸ್ಟೀರಿಂಗ್ ಆಯಿಲ್ ಡಬ್ಬಿಯೇ ಇಲ್ಲ. ಎಲ್ಲಿರುತ್ತದೆ?

ರಬ್ಬರ್‌ಬುಷ್:

ಇಲ್ಲದಿದ್ದರೆ ಇಲ್ಲ! ನಿಮ್ಮದು ಎಲೆಕ್ಟ್ರಿಕ್ ಸ್ಟೀರಿಂಗ್. ಆಯಿಲ್ ಇಲ್ಲ, ಬೆಲ್ಟ್ ಇಲ್ಲ, ಪಂಪ್ ಇಲ್ಲ, ಒಂದು ಮೋಟಾರ್ ಸಹಾಯ ಮಾಡುತ್ತದೆ. ಆಯಿಲಿನ ಪವರ್ ಸ್ಟೀರಿಂಗ್ ಮಾರುಕಟ್ಟೆಯ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಲೆಕ್ಟ್ರಿಕ್ ಸ್ಟೀರಿಂಗ್ 1988ರಲ್ಲಿ ಸುಜುಕಿ ಸೆರ್ವೋ ಎಂಬ ಪುಟ್ಟ ಕಾರಿನಲ್ಲಿ ಬಂತು. ಈಗಿನ ಹೊಸ ಕಾರುಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ಕೇ.

ತಿರುಗಿಸುವಾಗ ಮೋಟಾರಿನ ಸಣ್ಣ ಗುಂಗು ಕೇಳುವುದು ಸಹಜ. ಟಕ ಟಕ ಸಹಜ ಅಲ್ಲ. ಮೇಲೆ ಹಳೇಕೈ ಅಣ್ಣ ಹೇಳಿದ ಟೈ ರಾಡ್, ಬಾಲ್ ಜಾಯಿಂಟ್, ಶಾಫ್ಟ್ ಕ್ರಾಸ್ ನಿಮಗೂ ಅನ್ವಯಿಸುತ್ತದೆ, ಅದನ್ನು ಮನೆಯಲ್ಲೇ ಅಲ್ಲಾಡಿಸಿ ನೋಡಬಹುದು. ಮೋಟಾರು ಡ್ಯಾಶ್‌ಬೋರ್ಡ್ ಕೆಳಗೆ ಸ್ಟೀರಿಂಗ್ ಕಂಬದಲ್ಲೇ ಇರುವ ಕಾರುಗಳಲ್ಲಿ, ಮೋಟಾರಿಗೂ ಗೇರಿಗೂ ನಡುವೆ ರಬ್ಬರಿನ ಜೋಡಣೆ ಇರಬಹುದು. ಅದು ಪುಡಿಯಾದರೆ ಹೀಗೇ ಟಕ ಟಕ ಅನ್ನುತ್ತದೆ. ಅಲ್ಲಿಗೆ ಕೈ ಹಾಕುವುದು ಬೇಡ. ಏರ್‌ಬ್ಯಾಗಿನ ವೈರು, ತಿರುವು ಅಳೆಯುವ ಸೆನ್ಸರ್ ಎಲ್ಲ ಅಲ್ಲೇ ಇವೆ. ತಿಳಿದವರೇ ಬಿಚ್ಚಲಿ.

ಇನ್ನೊಂದು ಜಾತಿಯೂ ಇದೆ: ಡಬ್ಬಿ ಇರುತ್ತದೆ, ಆಯಿಲ್ ಇರುತ್ತದೆ, ಪಂಪನ್ನು ಮಾತ್ರ ಬೆಲ್ಟಿನ ಬದಲು ಕರೆಂಟ್ ಮೋಟಾರ್ ತಿರುಗಿಸುತ್ತದೆ. ಅದರ ಗಾಳಿ ತೆಗೆಯುವ ಕ್ರಮ ಕಂಪನಿ ಪುಸ್ತಕದಲ್ಲಿ ಹೇಳಿದ ಹಾಗೇ ಇರಬೇಕು. ಇಲ್ಲಿ ಓದಿದ್ದನ್ನು ಅದಕ್ಕೆ ಹಚ್ಚಬೇಡಿ.

ಸಂಜೆಸವಾರಿ:

ಸಿಕ್ಕಿತು! ಪಂಪಿನ ಕಡೆಯ ಜೋಡಣೆಗೆ ಗ್ರೀಸ್ ಬಳಿದಾಗ ಸದ್ದು ಅರ್ಧಕ್ಕರ್ಧ ಇಳಿಯಿತು. ಬಿಚ್ಚಿ ನೋಡಿದೆ. ಓ-ರಿಂಗ್ ಗುಂಡಗಿರಬೇಕು ಅಲ್ವಾ, ಇದು ಚಪ್ಪಟೆಯಾಗಿ ಗಟ್ಟಿಯಾಗಿದೆ, ಉಗುರು ಒತ್ತಿದರೂ ತಗ್ಗುವುದಿಲ್ಲ. ಡಬ್ಬಿಯ ಕಡೆಯ ಸ್ಪ್ರಿಂಗ್ ಕ್ಲಿಪ್ಪೂ ಸೋತಿದೆ, ಕೈಯಲ್ಲೇ ತಿರುಗುತ್ತದೆ. ಡಬ್ಬಿ ತೆಗೆದು ಬೆಳಕಿಗೆ ಹಿಡಿದರೆ ಜಾಲರಿಯ ಅರ್ಧ ಭಾಗ ಕಪ್ಪು ಮಡ್ಡಿಯಿಂದ ಮುಚ್ಚಿದೆ.

ಈಗ ಮೂರು ಪ್ರಶ್ನೆ. ಓ-ರಿಂಗ್ ಯಾವುದಾದರೂ ಆಗುತ್ತದಾ? ಯಾವ ಆಯಿಲ್ ಹಾಕಬೇಕು? ಹಳೇ ಆಯಿಲ್ ತೆಗೆದು ಗಾಳಿ ಬಿಡಿಸುವುದು ಹೇಗೆ?

ಹಳೇಕೈ:

ಓ-ರಿಂಗ್ ಬಗ್ಗೆ ಹೇಳುತ್ತೇನೆ. ಅಳತೆ ಒಂದೇ ಇದ್ದರೆ ಸಾಲದು, ರಬ್ಬರಿನ ಜಾತಿ ಮುಖ್ಯ. ಸ್ಟೀರಿಂಗ್ ಆಯಿಲಿಗೆ ನೈಟ್ರೈಲ್ ರಬ್ಬರ್ ಬೇಕು. ಬ್ರೇಕಿನಲ್ಲಿ, ನೀರಿನ ಕೆಲಸದಲ್ಲಿ ಬಳಸುವ ಇಪಿಡಿಎಂ ರಬ್ಬರ್ ನೋಡಲು ಹಾಗೇ ಇರುತ್ತದೆ, ಆದರೆ ಈ ಆಯಿಲಿನಲ್ಲಿ ಊದಿಕೊಂಡು ಹರಿದುಹೋಗುತ್ತದೆ. ಅದೇ ರೀತಿ ಬ್ರೇಕ್ ಆಯಿಲನ್ನು ಸ್ಟೀರಿಂಗ್ ಡಬ್ಬಿಗೆ ಹಾಕಿದರೆ ಅಲ್ಲಿನ ಸೀಲ್‌ಗಳೆಲ್ಲ ಹಾಳು. ಡಬ್ಬಿಗಳು ಅಕ್ಕಪಕ್ಕ ಇರುವ ಕಾರುಗಳಲ್ಲಿ ಈ ಅನಾಹುತ ಆಗಿದ್ದನ್ನು ಕಂಡಿದ್ದೇನೆ. ಮುಚ್ಚಳ ಓದದೆ ಸುರಿಯಬಾರದು.

ಪೈಪು ಬದಲಿಸುವುದಾದರೆ ಆಯಿಲಿಗೆ ಅಂತಲೇ ಮಾಡಿದ ಪೈಪು ತನ್ನಿ. ನೀರಿನ ಪೈಪು ಹಾಕಿದರೆ ಒಳಗಿಂದ ಮೆದುವಾಗಿ, ಎಳೆತಕ್ಕೆ ಮಡಚಿಕೊಂಡು ಆಯಿಲ್ ಬರದ ಹಾಗೆ ಮಾಡುತ್ತದೆ. ಸೋತ ಸ್ಪ್ರಿಂಗ್ ಕ್ಲಿಪ್ ಬದಲು ಸ್ಕ್ರೂ ಇರುವ ಹೋಸ್ ಕ್ಲಿಪ್ ಹಾಕಿ. ರಬ್ಬರ್ ಕತ್ತರಿಸುವಷ್ಟು ಬಿಗಿ ಬೇಡ. ಹೊಸ ಓ-ರಿಂಗನ್ನು ಕೂರಿಸುವ ಮುಂಚೆ ಹೊಸ ಆಯಿಲಿನಲ್ಲಿ ಅದ್ದಿ. ಒಣಗಿದ್ದನ್ನು ತುರುಕಿದರೆ ತಿರುಚಿಕೊಳ್ಳುತ್ತದೆ.

ಜಾಲರಿ ಡಬ್ಬಿಗೇ ಅಂಟಿದ್ದರೆ ತೊಳೆದು ಪೂರ್ತಿ ಸ್ವಚ್ಛ ಮಾಡುವುದು ಕಷ್ಟ. ಅರ್ಧ ಮುಚ್ಚಿದೆ ಅಂತೀರಿ, ಡಬ್ಬಿಯನ್ನೇ ಹೊಸದು ಹಾಕಿ. ಯಾವುದೇ ಕಾರಣಕ್ಕೂ ಜಾಲರಿ ಚುಚ್ಚಿ ತೂತು ಮಾಡಬೇಡಿ. ಆ ಮಡ್ಡಿ ಸೀದಾ ಪಂಪಿಗೆ ಹೋಗುತ್ತದೆ.

ರಬ್ಬರ್‌ಬುಷ್:

ಆಯಿಲ್: ಮುಚ್ಚಳದ ಮೇಲೆ ಅಥವಾ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿದ್ದೇ ಕೊನೆ ಮಾತು. ಬಹಳಷ್ಟು ಕಾರುಗಳಿಗೆ ಡೆಕ್ಸ್‌ರಾನ್ ಗುಣಮಟ್ಟದ ಆಟೋಮ್ಯಾಟಿಕ್ ಗೇರ್ ಆಯಿಲ್ ಆಗುತ್ತದೆ, ಅದೇ ಕೆಂಪು ಬಣ್ಣದ್ದು. ಯುರೋಪಿನ ಎಷ್ಟೋ ಕಾರುಗಳಿಗೆ ಸಿಎಚ್‌ಎಫ್ 11ಎಸ್ ತರಹದ ಹಸಿರು ಸಿಂಥೆಟಿಕ್ ಆಯಿಲ್. ಹೋಂಡಾ ತನ್ನ ಆಯಿಲಿನ ಪವರ್ ಸ್ಟೀರಿಂಗ್ ಕಾರುಗಳಿಗೆ ತನ್ನದೇ ಸ್ಟೀರಿಂಗ್ ಆಯಿಲ್ ಹಾಕಲು ಹೇಳುತ್ತದೆ. ಬಣ್ಣ ನೋಡಿ ಆರಿಸಬೇಡಿ, ಬಣ್ಣ ಬರೀ ಗುರುತಿಗೆ ಹಾಕಿದ್ದು. 'ಎಲ್ಲ ಗಾಡಿಗೂ ಆಗುತ್ತದೆ' ಅಂತ ಬರೆದಿದ್ದರೂ ಹಿಂದೆ ತಿರುಗಿಸಿ ನಿಮ್ಮ ಗಾಡಿಗೆ ಬೇಕಾದ ಗುಣಮಟ್ಟದ ಹೆಸರು ಇದೆಯಾ ನೋಡಿ.

ಒಟ್ಟು ಹಿಡಿಯುವುದು ಸುಮಾರು 1 ಲೀಟರ್. ತೊಳೆಯಲೂ ಬೇಕಲ್ಲ, 2 ಲೀಟರ್ ಇಟ್ಟುಕೊಳ್ಳಿ.

ಮನೆಗ್ಯಾರೇಜ್:

ಆಯಿಲ್ ಬದಲಿಸಿ ಗಾಳಿ ತೆಗೆಯುವ ಕ್ರಮವನ್ನು ನಾನು ಬರೆಯುತ್ತೇನೆ. ನನ್ನ ಗಾಡಿಗೆ ನಾನೇ ಮಾಡಿಕೊಳ್ಳುತ್ತೇನೆ, ಹೊರಗೆ ಕೊಡುವುದಿಲ್ಲ. ಇಬ್ಬರು ಬೇಕು. ಅವಸರ ಬೇಡ.

ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರ ಎತ್ತುವುದು ಯಾಕೆಂದರೆ, ಆಗ ಇಂಜಿನ್ ಇಲ್ಲದೆಯೂ ಸ್ಟೀರಿಂಗ್ ಹಗುರವಾಗಿ ತಿರುಗುತ್ತದೆ.

ಆಯಿಲ್ ಡಬ್ಬಿಯ ಕೆಳಗೆ ಏನಿದೆ ನೋಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬೆಲ್ಟಿಗೂ ಹೊದಿಸಿ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಈ ಆಯಿಲ್ ಬಿದ್ದರೆ ಬೆಂಕಿ ಹತ್ತಬಹುದು, ಅದಕ್ಕೇ ಇಂಜಿನ್ ತಣ್ಣಗಿದ್ದಾಗಲೇ ಈ ಕೆಲಸ.

ಡಬ್ಬಿಯಲ್ಲಿರುವ ಹಳೇ ಆಯಿಲನ್ನು ದೊಡ್ಡ ಸಿರಿಂಜಿನಲ್ಲಿ ಎಳೆದು ತೆಗೆಯಿರಿ. ಆಮೇಲೆ ವಾಪಸ್ ಬರುವ ಪೈಪನ್ನು ಡಬ್ಬಿಯಿಂದ ಬಿಡಿಸಿ. ಸಾಮಾನ್ಯವಾಗಿ ಎರಡರಲ್ಲಿ ಸಣ್ಣ ಪೈಪು ಅದು. ಡಬ್ಬಿಯ ಆ ಮೂತಿಗೆ ರಬ್ಬರ್ ಬಿರಡೆ ಹಾಕಿ ಮುಚ್ಚಿ. ಬಿಡಿಸಿದ ಪೈಪಿನ ತುದಿಯನ್ನು ಖಾಲಿ ಬಾಟಲಿಗೆ ಇಳಿಬಿಡಿ. ಈಗ ಡಬ್ಬಿಗೆ ಹೊಸ ಆಯಿಲ್ ತುಂಬಿಸಿ. ಒಬ್ಬರು ಇಂಜಿನ್ ಆಫ್ ಇಟ್ಟೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಲಿ. ಇನ್ನೊಬ್ಬರು ಡಬ್ಬಿ ಖಾಲಿಯಾಗದ ಹಾಗೆ ಸುರಿಯುತ್ತಾ ಇರಲಿ. ಡಬ್ಬಿ ಒಮ್ಮೆ ಖಾಲಿಯಾದರೂ ಮತ್ತೆ ಗಾಳಿ ಒಳಗೆ ಹೋಗುತ್ತದೆ. ಬಾಟಲಿಗೆ ಹೊಸ ಬಣ್ಣದ ಆಯಿಲ್ ಬರುವ ತನಕ ಮಾಡಿ, ಪೈಪು ವಾಪಸ್ ಜೋಡಿಸಿ.

ಇನ್ನು ಗಾಳಿ. ಇದರಲ್ಲೇ ಎಲ್ಲರೂ ಅವಸರ ಮಾಡುವುದು. ಡಬ್ಬಿಯಲ್ಲಿ ಇಂಜಿನ್ ತಣ್ಣಗಿದ್ದಾಗಿನ ಮಟ್ಟದ ಗೆರೆವರೆಗೆ ಆಯಿಲ್ ಹಾಕಿ, ಇಂಜಿನ್ ಆಫ್ ಇಟ್ಟು, ಮುಚ್ಚಳ ತೆಗೆದು ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸುತ್ತಾ ಹೋಗಿ. 20 ಸಲವಾದರೂ ಆಗಲಿ. ಗುಳ್ಳೆ ಮೇಲೆ ಬರುತ್ತಿರುತ್ತದೆ, ಮಟ್ಟ ಇಳಿಯುತ್ತಿರುತ್ತದೆ, ತುಂಬಿಸುತ್ತಿರಿ. ಗುಳ್ಳೆ ಪೂರ್ತಿ ನಿಂತ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಮತ್ತೆ ನಿಧಾನವಾಗಿ ಎರಡೂ ಕಡೆ ತಿರುಗಿಸಿ. ಕೊನೆಗೆ ಮುಟ್ಟಿದಾಗ ಅಲ್ಲೇ ಒತ್ತಿ ಹಿಡಿಯಬೇಡಿ, 5 ಸೆಕೆಂಡಿಗಿಂತ ಜಾಸ್ತಿ ಯಾವತ್ತೂ ಬೇಡ. ಒತ್ತಡ ಮಿತಿಮೀರಿ ಆಯಿಲ್ ಕಾಯುತ್ತದೆ. ನೊರೆ ಕಂಡರೆ ಕೂಡಲೇ ಆಫ್ ಮಾಡಿ ನೊರೆ ಇಳಿಯುವ ತನಕ ಬಿಡಿ.

ಹಳೇ ಆಯಿಲನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ. ಬಾಟಲಿಯಲ್ಲಿ ತುಂಬಿ ಹಳೇ ಇಂಜಿನ್ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಬೇಗಕೆಲಸ:

ಇಂಜಿನ್ ಸ್ಟಾರ್ಟ್ ಮಾಡಿಬಿಟ್ಟರೆ ಹಳೇ ಆಯಿಲ್ ಕ್ಷಣದಲ್ಲಿ ಹೊರಗೆ ಬರುತ್ತದೆ, ಅಲ್ವಾ? ಕೈಯಲ್ಲಿ ತಿರುಗಿಸುತ್ತಾ ಕೂರುವುದು ಯಾಕೆ?

ಹಳೇಕೈ:

ಬರುತ್ತದೆ. ಆ ವೇಗಕ್ಕೆ ನೀವು ಸುರಿಯಲು ಆಗುವುದಿಲ್ಲ. ಡಬ್ಬಿ ಒಂದೆರಡು ಕ್ಷಣದಲ್ಲಿ ಬರಿದಾಗಿ ಪಂಪ್ ಒಣಗಿ ತಿರುಗುತ್ತದೆ. ಆ ಪಟ್ಟಿಗಳಿಗೆ ಜಾರಿಕೆ ಕೊಡುವುದು ಅದೇ ಆಯಿಲ್, ಬೇರೆ ಏನೂ ಇಲ್ಲ. ಚೆನ್ನಾಗಿದ್ದ ಪಂಪನ್ನು ಹಾಗೆ ಕೊಲ್ಲುವುದು ಬೇಡ. ಮನೆಗ್ಯಾರೇಜ್ ಅವರು ಬರೆದ ಕ್ರಮವೇ ಸರಿ.

ಇನ್ನೊಂದು ಎಚ್ಚರಿಕೆ. ಇಂಜಿನ್ ಓಡುವಾಗ ಒತ್ತಡದ ಪೈಪಿನಲ್ಲಿ ಸೋರಿಕೆ ಇದೆಯಾ ಅಂತ ಕೈ ಸವರಿ ನೋಡಬೇಡಿ. ಕಣ್ಣಿಗೆ ಕಾಣದ ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಮೇಲ್ನೋಟಕ್ಕೆ ಸೂಜಿ ಚುಚ್ಚಿದ ಹಾಗೆ ಕಾಣುತ್ತದೆ, ಒಳಗೆ ಕೈಯೇ ಹೋಗುವಷ್ಟು ಅಪಾಯ. ರಟ್ಟಿನ ತುಂಡು ಹಿಡಿದು ನೋಡಿ. ಅಕಸ್ಮಾತ್ ಚುಚ್ಚಿದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ದೂರದಾರಿ:

ಇದನ್ನು ಓದಿ ನನ್ನದನ್ನೂ ನೋಡಿದೆ. ನನ್ನ ಗಾಡಿಯಲ್ಲಿ ಸದ್ದು ಸ್ಟೀರಿಂಗ್ ತಿರುಗಿಸದಿದ್ದರೂ ಇದೆ, ಇಂಜಿನ್ ವೇಗದ ಜೊತೆ ಏರುತ್ತದೆ. ನೊರೆ ಇಲ್ಲ. ಆಯಿಲ್ ಕಪ್ಪಗಿದೆ, ಸುಟ್ಟ ವಾಸನೆ. ಬಿಳಿ ಬಟ್ಟೆಗೆ ಒರೆಸಿದರೆ ಬೆಳ್ಳಿ ಪುಡಿಯ ಹಾಗೆ ಮಿನುಗುತ್ತದೆ.

ಹಳೇಕೈ:

ಆ ಮಿನುಗು ಲೋಹದ ಪುಡಿ. ನಿಮ್ಮದರಲ್ಲಿ ಪಂಪೇ ಸವೆದಿದೆ, ಬದಲಿಸಬೇಕಾಗುತ್ತದೆ. ಒಮ್ಮೆ ಖಚಿತ ಮಾಡಿಕೊಳ್ಳಿ: ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಪಂಪಿನ ಮೈಗೆ ತಾಗಿಸಿ ಹಿಡಿಯ ಕಡೆ ಕಿವಿ ಇಡಿ. ತಿರುಗುವ ಭಾಗಗಳಿಂದ ದೂರ ಇರಲಿ. ಆಮೇಲೆ ಆಲ್ಟರ್ನೇಟರ್ ಮೇಲೆ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಪುಲ್ಲಿಯ ಬೋಲ್ಟಿನ ಮೇಲೆ ಹಾಗೇ ಕೇಳಿ. ಎಲ್ಲಿ ಗರಗರ ಜೋರಾಗಿದೆಯೋ ಅದೇ ಕಳ್ಳ. ಎಷ್ಟೋ ಸಲ ಟೆನ್ಷನರ್ ಬೇರಿಂಗ್ ಹಾಳಾಗಿ ಪಂಪಿನ ಮೇಲೆ ಅಪವಾದ ಬರುತ್ತದೆ.

ಪಂಪ್ ಬದಲಿಸುವುದಾದರೆ ಮೊದಲು ಇಡೀ ದಾರಿ ತೊಳೆಯಲೇಬೇಕು. ಚಕ್ರಗಳನ್ನು ಆಚೀಚೆ ತಳ್ಳುವ ರ‍್ಯಾಕಿನಲ್ಲಿ, ಪೈಪಿನಲ್ಲಿ ಉಳಿದ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ. ಡಬ್ಬಿಯನ್ನೂ ಬದಲಿಸಿ. ಪುಲ್ಲಿ ಒತ್ತಿ ಕೂರಿಸಿದ್ದರೆ ಅದಕ್ಕೇ ಮಾಡಿದ ಪುಲ್ಲರ್ ಬೇಕು, ಸುತ್ತಿಗೆಯಲ್ಲಿ ಬಡಿದರೆ ಶಾಫ್ಟ್ ಕೆಡುತ್ತದೆ. ಒತ್ತಡದ ಪೈಪಿನ ಬೋಲ್ಟಿಗೆ ವಾಷರ್ ಇದ್ದರೆ ಹೊಸದೇ ಹಾಕಿ. ಹೊಸ ಪಂಪಿಗೆ ಆಯಿಲ್ ತುಂಬಿಸಿ ಕೈಯಲ್ಲಿ ಪುಲ್ಲಿ ತಿರುಗಿಸಿ ನೋಡದೆ ಬೆಲ್ಟ್ ಹಾಕಬೇಡಿ.

ಸಂಜೆಸವಾರಿ:

ಕೆಲಸ ಮುಗಿಸಿದೆ. ಹೊಸ ಡಬ್ಬಿ, ಓ-ರಿಂಗ್, ಕ್ಲಿಪ್, ಪುಸ್ತಕದಲ್ಲಿ ಹೇಳಿದ ಆಯಿಲ್. ತಮ್ಮ ಸ್ಟೀರಿಂಗ್ ತಿರುಗಿಸಿದ, ನಾನು ಸುರಿದೆ. ಹೊರಗೆ ಬಂದ ಆಯಿಲ್ ಕಾಫಿ ಕಷಾಯದ ಬಣ್ಣ ಇತ್ತು. ಗುಂಯ್ ಸದ್ದು ಹೋಗಿದೆ! ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಮೊದಲ ಸ್ವಲ್ಪ ಹೊತ್ತು ತೆಳುವಾಗಿ ಕೇಳಿ ನಿಲ್ಲುತ್ತದೆ. ಡಬ್ಬಿಯಲ್ಲಿ ಒಂದೆರಡು ಗುಳ್ಳೆ ಇವೆ. ಮತ್ತೆ ಬಿಚ್ಚಬೇಕಾ?

ಮನೆಗ್ಯಾರೇಜ್:

ತುಂಬಾ ಸಂತೋಷ ಆಯಿತು. ಬಿಚ್ಚಬೇಡಿ. ರ‍್ಯಾಕಿನ ಮೂಲೆಯಲ್ಲಿ ಉಳಿದ ಸಣ್ಣ ಗುಳ್ಳೆಗಳು ಓಡಾಡುತ್ತಾ ತಾವೇ ಮೇಲೆ ಬರುತ್ತವೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಆಫ್ ಇಟ್ಟೇ ಸ್ಟೀರಿಂಗನ್ನು ನಾಲ್ಕೈದು ಸಲ ಆಚೆ ಈಚೆ ತಿರುಗಿಸಿ, ಮಟ್ಟ ನೋಡಿ. ಅದಕ್ಕೂ ಬಗ್ಗದಿದ್ದರೆ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪನ್ನು ಡಬ್ಬಿಯ ಬಾಯಿಗೆ ಗಾಳಿ ಆಡದ ಹಾಗೆ ಜೋಡಿಸಿ, ಮೀಟರಿನಲ್ಲಿ 20 ಇಂಚು ಪಾದರಸದಷ್ಟು ಎಳೆದು ಕೆಲವು ನಿಮಿಷ ಬಿಡಿ. ಹಟಮಾರಿ ಗಾಳಿಯೂ ಬರುತ್ತದೆ.

ಟೈರಿನ ಗಾಳಿಯನ್ನೂ ನೋಡಿಬಿಡಿ. ಮುಂದಿನ ಟೈರ್ ಮೆತ್ತಗಿದ್ದರೆ ಪಂಪಿಗೆ ಸುಮ್ನೆ ಜಾಸ್ತಿ ಭಾರ.

ಸಂಜೆಸವಾರಿ:

ವ್ಯಾಕ್ಯೂಮ್ ಬೇಕಾಗಲಿಲ್ಲ. ಬೆಳಿಗ್ಗೆ ತಿರುಗಿಸಿ ಬಿಟ್ಟಿದ್ದಕ್ಕೇ ಗುಳ್ಳೆ ನಿಂತಿದೆ, ಆಯಿಲ್ ಕೆಂಪಗೆ ತಿಳಿಯಾಗಿದೆ, ಆಫ್ ಮಾಡಿದಾಗ ಮಟ್ಟ ಏರುವುದಿಲ್ಲ. ಪಂಪ್ ಹಳೆಯದೇ! ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಒಂದೇ ಅನುಮಾನ. ಸ್ಟೀರಿಂಗ್ ಕೊನೆ ಮುಟ್ಟಿದಾಗ ಸಣ್ಣಗೆ ಸುಸ್ ಅನ್ನುತ್ತದೆ. ಮೊದಲೂ ಇತ್ತಾ ಗೊತ್ತಿಲ್ಲ, ಆ ಗುಂಯ್ ನಡುವೆ ಕೇಳುತ್ತಿರಲಿಲ್ಲ.

ಹಳೇಕೈ:

ಅದು ಸಹಜ. ಕೊನೆ ಮುಟ್ಟಿದಾಗ ಜಾಸ್ತಿಯಾದ ಒತ್ತಡವನ್ನು ವಾಲ್ವ್ ಬಿಡುವ ಸದ್ದು. ಕೊನೆಗೆ ಮುಟ್ಟಿಸಿದ ಕೂಡಲೇ ಒಂದಿಷ್ಟು ವಾಪಸ್ ಬಿಟ್ಟರೆ ಅದೂ ಕೇಳುವುದಿಲ್ಲ. ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಕೂರುತ್ತದೆ, ಹಾಗಾಗಿ ಒಂದು ವಾರ ಓಡಿಸಿ ಆ ಎರಡು ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಇಂಜಿನ್ ಬಿಸಿಯಿದ್ದಾಗ ಬಿಸಿ ಗೆರೆಗೆ ಮಟ್ಟ ಸರಿಯಿದೆಯಾ ನೋಡಿ.